ಕೊರೆಯುವ ಚಳಿಯ ದೇಶಗಳಲ್ಲಿ ಜೇನುನೊಣಗಳು ಚಳಿಗಾಲವನ್ನು ಹೇಗೆ ಕಳೆಯುತ್ತವೆ?

ಅನೇಕರು ಭಾವಿಸುವಂತೆ ಯುರೋಪಿನ ಜೇನುನೊಣಗಳು ಚಳಿಗಾಲದಲ್ಲಿ ದೀರ್ಘನಿದ್ರೆಗೆ ಜಾರುವುದಿಲ್ಲ; ಇಡೀ ಕುಟುಂಬ ಎಚ್ಚರವಾಗಿದ್ದು ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಹೊತ್ತಿಗೆ ಸಾವಿರಾರು ಕೆಲಸಗಾರ ನೊಣಗಳು ರಾಣಿಯನ್ನು ನಡುವಿಟ್ಟುಕೊಂಡು ಎರಿಗಳ ಮೇಲೆ ಚೆಂಡಿನಂತೆ ಒತ್ತೊತ್ತಾಗಿ ಸೇರಿರುತ್ತವೆ. ಒಳಗಿನವು ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನಷ್ಟೇ ಕಂಪಿಸಿ ಬಿಸಿ ಹುಟ್ಟಿಸಿದರೆ, ಹೊರಪದರದವು ತಲೆಯನ್ನು ಒಳಮುಖವಾಗಿಟ್ಟು ಕಂಬಳಿಯಂತೆ ಆ ಬಿಸಿಯನ್ನು ಹಿಡಿದಿಡುತ್ತವೆ. ಹೊರಗೆ ಹಿಮ ಸುರಿಯುತ್ತಿದ್ದರೂ, ಮರಿಗಳಿರುವಾಗ ಗುಂಪಿನ ನಡುಭಾಗ 33ರಿಂದ 35 ಡಿಗ್ರಿಯಷ್ಟು ಬೆಚ್ಚಗಿರುತ್ತದೆ.

ಇದಕ್ಕೆಲ್ಲ ಇಂಧನ ಬೇಸಿಗೆಯಲ್ಲಿ ಕೂಡಿಟ್ಟ ಜೇನುತುಪ್ಪ; ಆದ್ದರಿಂದಲೇ ತಿನ್ನುವುದಷ್ಟೇ ಆಗಿರುವ ಗಂಡುನೊಣಗಳನ್ನು ಶರತ್ಕಾಲದಲ್ಲಿಯೇ ಹೊರದೂಡಲಾಗುತ್ತದೆ.

ನನಗೆ ಅತ್ಯಂತ ವಿಸ್ಮಯವೆನಿಸುವುದು ಆ ಕಾಲದಲ್ಲಿ ಹುಟ್ಟುವ ಕೆಲಸಗಾರ ನೊಣಗಳ ದೇಹರಚನೆ: ಬೇಸಿಗೆಯ ನೊಣ ಸುಮಾರು 6 ವಾರಗಳಲ್ಲಿ ಸಾಯುತ್ತದೆ, ಆದರೆ ಇವು ದೇಹದಲ್ಲಿ ಕೊಬ್ಬು ಮತ್ತು ಪ್ರೋಟೀನನ್ನು ಹೆಚ್ಚಾಗಿ ಸಂಗ್ರಹಿಸಿಕೊಂಡು ಸುಮಾರು 6 ತಿಂಗಳವರೆಗೂ ಬದುಕಬಲ್ಲವು. ಮಲವನ್ನು ವಾರಗಟ್ಟಲೆ ತಡೆಹಿಡಿದು, ಬಿಸಿಲು ಬಿದ್ದ ದಿನವಷ್ಟೇ ಹೊರಹಾರಿ ವಿಸರ್ಜಿಸುತ್ತವೆ.

ನಮ್ಮ ಮಲೆನಾಡಿನ ತುಡುವೆ ಜೇನಿಗಾದರೋ ಕಷ್ಟಕಾಲ ಚಳಿಗಾಲವಲ್ಲ, ಹೂವೂ ಹಾರಾಟವೂ ವಿರಳವಾಗುವ ಮಳೆಗಾಲ. ಆಗ ಸಾಕಣೆದಾರರು ಸಕ್ಕರೆ ಪಾಕವಿಟ್ಟು ಅವುಗಳನ್ನು ಉಳಿಸಿಕೊಳ್ಳುತ್ತಾರೆ.