ಜೆರಾರ್ ಫಿಲಿಪ್ ಥರ ಮೊದಲು ಸಿನಿಮಾದಲ್ಲಿ ಹೆಸರು ಮಾಡಿ, ಆಮೇಲೆ ನಾಟಕಕ್ಕೆ ಮರಳಬಹುದಾ?

ನೀವು ಬರೆದದ್ದನ್ನು ಓದುತ್ತಾ ನನ್ನದೇ ಹಳೇ ಮಾತು ಕೇಳಿದ ಹಾಗಾಯಿತು. ಐದು ವರ್ಷ ಸಿನಿಮಾ ಮಾಡುತ್ತೇನೆ, ಹೆಸರು ಬಂದ ಮೇಲೆ ತಂಡಕ್ಕೆ ವಾಪಸ್ ಬರುತ್ತೇನೆ, ಫ್ರಾನ್ಸಿನ ಜೆರಾರ್ ಫಿಲಿಪ್ ಹಾಗೇ ಮಾಡಿದ್ದಲ್ವಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಹೇಳಿಕೊಂಡು ತಿರುಗಿದ್ದೆ. ಅದೇ ನಟನ ಹೆಸರು ಹಿಡಿದುಕೊಂಡು.

ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿದ್ದೆ. ಹಗಲು ಆಫೀಸು, ಸಂಜೆ ತಾಲೀಮು. ಫಿಲ್ಮ್ ಸೊಸೈಟಿಯವರು ಒಮ್ಮೆ 'ಫಾನ್‌ಫಾನ್ ಲ ತುಲಿಪ್' ತೋರಿಸಿದರು. 1952ರ ಸಿನಿಮಾ. ಕತ್ತಿ ಹಿಡಿದು ಚಾವಣಿ ಮೇಲೆಲ್ಲ ಓಡಾಡುವ ಆ ನಗುಮುಖದ ನಟನನ್ನು ನೋಡಿ ತಲೆ ಕೆಟ್ಟುಹೋಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. 1947ರಲ್ಲಿ ನಿರ್ದೇಶಕ ಓತಾಂ-ಲಾರಾ ಅವರ ಸಿನಿಮಾ 'ಲ ದ್ಯಾಬ್ಲ್ ಓ ಕೋರ್' ಬಂದು ಫಿಲಿಪ್ ಸ್ಟಾರ್ ಆದರು, 1951ರಲ್ಲಿ ರಂಗ ನಿರ್ದೇಶಕ, ನಟ ಜಾಂ ವಿಲಾರ್ ಅವರ ನಾಟಕ ತಂಡ ಸೇರಿದರು. ಈ ಎರಡು ಇಸವಿ ಮಾತ್ರ ನನ್ನ ತಲೆಯಲ್ಲಿ ಉಳಿದವು. ಮೊದಲು ಸಿನಿಮಾ, ಆಮೇಲೆ ನಾಟಕ. ಅಷ್ಟರಲ್ಲಿ ಒಂದು ಧಾರಾವಾಹಿಯಲ್ಲಿ ನಾಯಕಿಯ ಅಣ್ಣನ ಪಾತ್ರ ಸಿಕ್ಕಿತು. ತಂಡ ಬಿಟ್ಟೆ.

ಮೊದಲು ಈ ತಪ್ಪು ಲೆಕ್ಕವನ್ನು ಸರಿಮಾಡೋಣ, ಯಾಕೆಂದರೆ ನೀವೂ ಇದರ ಮೇಲೇ ನಿಂತಿದ್ದೀರಿ. ಫಿಲಿಪ್ ಸಿನಿಮಾದಿಂದ ನಾಟಕಕ್ಕೆ ಬಂದವರಲ್ಲ. ಹುಟ್ಟಿದ್ದು 1922ರಲ್ಲಿ, ಕಾನ್ ಊರಿನಲ್ಲಿ. 1942ರಲ್ಲೇ ನೀಸ್ ನಗರದಲ್ಲಿ ರಂಗ ಹತ್ತಿದ್ದರು, ಅದೂ ಯುದ್ಧದ ಮಧ್ಯೆ. ಮರುವರ್ಷ ಪ್ಯಾರಿಸ್ಸಿನಲ್ಲಿ ಜಿರೊಡು ಅವರ ನಾಟಕದಲ್ಲಿ ದೇವದೂತನ ಪಾತ್ರ. 1945ರಲ್ಲಿ ಕಾಮೂ ಬರೆದ 'ಕಾಲಿಗುಲಾ'ದ ಮುಖ್ಯ ಪಾತ್ರ ಮಾಡಿದಾಗ ಇನ್ನೂ 22 ವರ್ಷ. ಪ್ಯಾರಿಸ್ ಅವರನ್ನು ಗುರುತಿಸಿದ್ದು ಅಲ್ಲಿ. ಸಿನಿಮಾದ ದೊಡ್ಡ ಹೆಸರು ಬಂದಿದ್ದು ಅದಾದ ಮೇಲೆ.

ಈಗ ನನ್ನ ಕಥೆ. ಧಾರಾವಾಹಿ ಚೆನ್ನಾಗಿ ಓಡಿತು. ಬಸ್ಸಿನಲ್ಲಿ ಜನ ಗುರುತು ಹಿಡಿಯತೊಡಗಿದರು. ಅದು ಮುಗಿಯುವ ಹೊತ್ತಿಗೆ ತಂಡದವರು ಒಂದು ಹೊಸ ನಾಟಕ ಕೈಗೆತ್ತಿಕೊಂಡಿದ್ದರು. ನಾನೇ ಹೋಗಿ ಕೇಳಿದೆ. ನಿರ್ದೇಶಕರು, ನಾವೆಲ್ಲ ಮೇಷ್ಟ್ರೇ ಅಂತ ಕರೆಯುತ್ತಿದ್ದವರು, ಖುಷಿಯಿಂದಲೇ ದೊಡ್ಡ ಪಾತ್ರ ಕೊಟ್ಟರು. ಅಷ್ಟರಲ್ಲಿ ಇನ್ನೊಂದು ಧಾರಾವಾಹಿ ಬಂತು. "ಮೇಷ್ಟ್ರೇ, ತಾಲೀಮಿಗೆ ನನ್ನ ಬದಲು ಯಾರಾದರೂ ಪ್ರಾಕ್ಸಿ ನಿಲ್ಲಲಿ. ಮಾತು ನಾನು ಕಲಿತುಕೊಂಡು ಬರುತ್ತೇನೆ. ಕೊನೇ ವಾರ ಪೂರ್ತಿ ನಿಮ್ಮದೇ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಪ್ಪ, ನೋಡೋಣ" ಅಂದರು.

ನಾನು ಮಾಡಿದ ತಪ್ಪು ಇದೇ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಆಗ ನನಗೆ ಇದು ತಪ್ಪು ಅಂತ ಅನ್ನಿಸಿರಲೇ ಇಲ್ಲ. ಬಹಳ ಸಭ್ಯ ಏರ್ಪಾಟು ಅಂತ ಅನ್ನಿಸಿತ್ತು. ಮಾತು ಅಕ್ಷರ ಬಿಡದೆ ಕಲಿತಿದ್ದೆ. ಮೇಕಪ್ ರೂಮಿನಲ್ಲಿ, ಆಟೋದಲ್ಲಿ, ಎಲ್ಲ ಕಡೆ ಹೇಳಿಕೊಳ್ಳುತ್ತಿದ್ದೆ. ಆದರೆ ನನ್ನ ಎದುರು ಆಡುವ ಹುಡುಗಿ ವಾರಗಟ್ಟಲೆ ಆಡಿದ್ದು ಪ್ರಾಕ್ಸಿ ಹುಡುಗನ ಜೊತೆ. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಮಾತಿಗೆ ತಿರುಗುತ್ತಾನೆ, ಅವಳು ಅದನ್ನೇ ನಂಬಿ ತನ್ನ ಮಾತು ಕಟ್ಟಿಕೊಂಡಿದ್ದಳು. ಮೇಷ್ಟ್ರು ಬ್ಲಾಕಿಂಗನ್ನು, ಅಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಅನ್ನುವುದನ್ನು, ನಾಲ್ಕಾರು ಸಲ ಬದಲಿಸಿದ್ದರು. ಯಾಕೆ ಬದಲಿಸಿದರು ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ನನಗೆ ಗೊತ್ತಿದ್ದದ್ದು ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ. ಶೋ ದಿನ ಒಂದು ಮಾತನ್ನು ಧಾರಾವಾಹಿಯ ಅಭ್ಯಾಸದಂತೆ ಎಳೆದು, ನಿಲ್ಲಿಸಿ, ಪ್ರೇಕ್ಷಕರ ಕಡೆ ನೋಡಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವಳ ಅತಿ ಮುಖ್ಯವಾದ ಮಾತು ಕೊಚ್ಚಿಹೋಯಿತು. ಅವಳು ಬೇರೆ ಜಾಗದಲ್ಲಿದ್ದಳು, ಬೆಳಕು ಬೇರೆ ಜಾಗದಲ್ಲಿತ್ತು, ನಾನು ಎರಡರ ನಡುವೆ ನಿಂತಿದ್ದೆ. ಅಲ್ಲಿಂದ ಮುಂದೆ ಆ ದೃಶ್ಯ ಎದ್ದು ನಿಲ್ಲಲೇ ಇಲ್ಲ.

ಯಾರೂ ಬೈಯಲಿಲ್ಲ. ಮುಂದಿನ ಶೋಗಳಿಗೆ ಪಾತ್ರ ಪ್ರಾಕ್ಸಿ ಹುಡುಗನಿಗೆ ಹೋಯಿತು. ನ್ಯಾಯವಾಗಿ ಅದು ಅವನದೇ. ಅದಾದ ಮೇಲೆ ಆ ತಂಡದಿಂದ ನನಗೆ ಫೋನ್ ಬರಲಿಲ್ಲ. ಎರಡನೇ ಧಾರಾವಾಹಿಯೂ ಬೇಗ ನಿಂತುಹೋಯಿತು.

ಫಿಲಿಪ್ ಬಗ್ಗೆ ಮತ್ತೆ ಓದಿದ್ದು ಆಗ. ಈ ಸಲ ಸರಿಯಾಗಿ ಓದಿದೆ. ವಿಲಾರ್ ಮೊದಲು ಕೊರ್ನೇಯ್‌ನ 'ಲ ಸಿದ್' ಮಾಡೋಣ ಅಂತ ಕರೆದಾಗ ಫಿಲಿಪ್ ಒಪ್ಪಿರಲಿಲ್ಲ. ದುರಂತ ನಾಟಕ ತನಗೆ ಹೊಂದುವುದಿಲ್ಲ ಅಂದಿದ್ದರು. 1950ರಲ್ಲಿ ಅವರೇ ವಿಲಾರ್ ಅವರ ಮೇಕಪ್ ರೂಮಿಗೆ ಹೋಗಿ, ನಿಮ್ಮ ಜೊತೆ ಕೆಲಸ ಮಾಡುತ್ತೇನೆ ಅಂತ ಕೇಳಿಕೊಂಡರು. ಅಷ್ಟು ಹೊತ್ತಿಗೆ ಫ್ರಾನ್ಸಿನ ಅತಿ ದೊಡ್ಡ ಯುವನಟ ಅವರು. ಮರುವರ್ಷ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ಊರಿನ ಪೋಪ್ ಅರಮನೆಯ ಅಂಗಳದಲ್ಲಿ 'ಲ ಸಿದ್', ಜೊತೆಗೆ 'ಹೋಂಬುರ್ಗ್‌ನ ರಾಜಕುಮಾರ'. ಪ್ರದರ್ಶನ ಹತ್ತಿರ ಇದ್ದಾಗ ತಾಲೀಮಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾಯಿತು. ಆದರೂ ಮೊದಲ ಪ್ರದರ್ಶನ ಬಿಡಲಿಲ್ಲ, ಕೂತೇ ಆಡಿದರು.

ನನಗೆ ನಾಚಿಕೆ ತಂದದ್ದು ಮುಂದಿನ ಭಾಗ. ಅದೇ ವರ್ಷ ವಿಲಾರ್ ಅವರಿಗೆ ಸರ್ಕಾರದ ಜನತಾ ರಂಗಭೂಮಿ, ಅಂದರೆ ಟಿ.ಎನ್.ಪಿ., ಸಿಕ್ಕಿತು. ಪ್ಯಾರಿಸ್ಸಿನ ಶಾಯೋ ಅರಮನೆಯಲ್ಲಿದ್ದ ಅದರ ರಂಗಮಂದಿರ ಇನ್ನೂ ಖಾಲಿಯಾಗಿರಲಿಲ್ಲ, ವಿಶ್ವಸಂಸ್ಥೆಯವರು ಅಲ್ಲಿದ್ದರು. ಹಾಗಾಗಿ ನವೆಂಬರ್‌ನಲ್ಲಿ ಪ್ಯಾರಿಸ್ ಪಕ್ಕದ ಸುರೆನ್ ಎಂಬ ಊರಿನಲ್ಲಿ ಶುರು ಮಾಡಿದರು. ಅಲ್ಲಿ ಬ್ರೆಕ್ಟ್‌ನ 'ಮದರ್ ಕರೇಜ್' ಆಡಿದಾಗ ಫಿಲಿಪ್ ಮಾಡಿದ್ದು ಆ ತಾಯಿಯ ಮಗ ಐಲಿಫ್‌ನ ಪಾತ್ರ. ನಾಯಕನ ಪಾತ್ರವಲ್ಲ, ತಂಡದಲ್ಲಿ ಒಬ್ಬನದು. ಟಿ.ಎನ್.ಪಿ. ಪೋಸ್ಟರಿನಲ್ಲಿ ನಟರ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತಿತ್ತು. ಅವರದೂ ಆ ಸಾಲಿನಲ್ಲೇ. ಸಿನಿಮಾದಲ್ಲಿ ಸಿಗುವ ದುಡ್ಡಿನ ಮುಂದೆ ಅಲ್ಲಿನ ಸಂಬಳ ಏನೇನೂ ಅಲ್ಲ. ನೋಡಲು ಬರುತ್ತಿದ್ದವರಲ್ಲಿ ಕಾರ್ಖಾನೆ ಕೆಲಸಗಾರರು, ವಿದ್ಯಾರ್ಥಿಗಳೂ ಇರುತ್ತಿದ್ದರು. ಟಿಕೆಟ್ ಅಗ್ಗ, ಸೀಟು ತೋರಿಸುವವರಿಗೆ ಟಿಪ್ಸ್ ಕೊಡುವಂತಿಲ್ಲ. 1952ರಲ್ಲಿ 'ಲೊರೆಂಜಾಚೊ' ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದ್ದಲ್ಲದೆ ನಿರ್ದೇಶನವನ್ನೂ ಮಾಡಿದರು. 'ಫಾನ್‌ಫಾನ್' ಬಂದು ದೇಶವೆಲ್ಲ ಹುಚ್ಚೆದ್ದಿದ್ದ ವರ್ಷ ಅದು.

ಅವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. 1954ರ ನಂತರ ಕೆಲವು ವರ್ಷ ಅವರ ಸಮಯ ಬಹಳ ಮಟ್ಟಿಗೆ ಸಿನಿಮಾಕ್ಕೇ ಹೋಯಿತು. 1956ರಲ್ಲಿ ತಾವೇ ನಿರ್ದೇಶಿಸಿದ 'ಟಿಲ್' ಸಿನಿಮಾ ಸೋತಿತು. 1958ರಲ್ಲಿ ಮತ್ತೆ ವಿಲಾರ್ ಜೊತೆ ಮ್ಯುಸೆ ಬರೆದ ನಾಟಕ ಆಡಿದರು. ಅಷ್ಟರಲ್ಲಿ ಕಾಲ ಮುಗಿದುಹೋಗಿತ್ತು. 1959ರ ನವೆಂಬರ್ 25ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. 37 ತುಂಬಲು ಇನ್ನೂ ಕೆಲವು ದಿನ ಬಾಕಿ ಇತ್ತು. ಐದು ವರ್ಷ ಆಮೇಲೆ ಬರುತ್ತೇನೆ ಅಂತ ನೀವು ಬರೆದಿದ್ದೀರಲ್ಲ, ಆ ಐದು ವರ್ಷ ನಿಮ್ಮ ಕೈಲಿದೆ ಅಂತ ಯಾರು ಹೇಳಿದರು?

ಸಿನಿಮಾ ಮಾಡಿ. ಅದರಲ್ಲಿ ನನಗೆ ಸಂಶಯವೇ ಇಲ್ಲ. ಕ್ಯಾಮೆರಾ ನಟನನ್ನು ಕೆಡಿಸುತ್ತದೆ ಅನ್ನುವವರ ಮಾತು ಕೇಳಬೇಡಿ. ಆದರೆ ಹೆಸರು ಮಾಡಿ ಮರಳುತ್ತೇನೆ ಅನ್ನುವ ಯೋಚನೆ ಇವತ್ತೇ ಬಿಡಿ. ತಂಡಕ್ಕೆ ನಿಮ್ಮ ಹೆಸರಿನಿಂದ ಒಂದು ದಿನ ಹೌಸ್‌ಫುಲ್ ಆಗಬಹುದು, ಅಷ್ಟೇ. ತಾಲೀಮಿನಲ್ಲಿ ಬೇಕಾಗಿರುವುದು ನೀವು. ಬರಲು ಆಗುವುದಾದರೆ ಪೂರ್ತಿ ಬನ್ನಿ, ಆಗದಿದ್ದರೆ ಆ ನಾಟಕ ಬಿಟ್ಟುಬಿಡಿ. ಪ್ರಾಕ್ಸಿ ನಿಲ್ಲಿಸಿ ಅಂತ ಮಾತ್ರ ಯಾವತ್ತೂ ಕೇಳಬೇಡಿ. ದಿನಾ ಬರುವ ಧಾರಾವಾಹಿಯಾದರೆ ನನ್ನ ಸಲಹೆ ಬೇರೆ: ಅದು ನಡೆಯುವಷ್ಟು ಕಾಲ ಯಾವ ನಾಟಕಕ್ಕೂ ಮಾತು ಕೊಡಬೇಡಿ. ನಿಮಗೆ ಸಿಕ್ಕಿರುವುದು ಸಿನಿಮಾ, ಅದರ ಶೂಟಿಂಗಿಗೆ ಒಂದು ಕೊನೆ ಇರುತ್ತದೆ.

ಕರಾರಿಗೆ ಸಹಿ ಹಾಕುವ ಮೊದಲು ಶೂಟಿಂಗ್ ಡೇಟ್ಸ್ ಬರವಣಿಗೆಯಲ್ಲಿ ಕೇಳಿ. ಇದನ್ನು ಕೇಳುವುದು ಅಹಂಕಾರ ಅಂದುಕೊಳ್ಳಬೇಡಿ. ಕೊನೆಯ ವರ್ಷಗಳಲ್ಲಿ ಫಿಲಿಪ್ ನಟರ ಸಂಘ ಕಟ್ಟಲು ಓಡಾಡಿದರು, 1958ರಲ್ಲಿ ಅದರ ಅಧ್ಯಕ್ಷರೂ ಆದರು. 1957ರಲ್ಲಿ ಅವರು ಬರೆದ ಲೇಖನದ ತಲೆಬರಹವೇ 'ನಟರು ನಾಯಿಗಳಲ್ಲ' ಅಂತ. ಡೇಟ್ಸ್ ಕೈಗೆ ಬಂದ ದಿನವೇ ನಿಮ್ಮ ನಿರ್ದೇಶಕರಿಗೆ ಫೋನ್ ಮಾಡಿ ಹೇಳಿ. ಆ ತಿಂಗಳುಗಳಲ್ಲಿ ಶೋ ಇದ್ದರೆ ಪಾತ್ರವನ್ನು ಈಗಲೇ ಇನ್ನೊಬ್ಬರಿಗೆ ಬಿಟ್ಟುಕೊಡಿ, ಅವರಿಗೆ ಕಲಿಯಲು ಟೈಮ್ ಸಿಗಲಿ. ಶೂಟಿಂಗ್ ಮುಗಿದ ಮೇಲೆ ಹೋದಾಗ ಪಾತ್ರ ಖಾಲಿ ಇಲ್ಲದಿದ್ದರೆ ಲೈಟ್ಸ್ ಅಥವಾ ರಂಗದ ಸಾಮಾನು ನೋಡಿಕೊಳ್ಳುತ್ತೇನೆ ಅನ್ನಿ. ನಿಮ್ಮ ಸಿನಿಮಾ ರಿಲೀಸ್ ಆಗಿದ್ದರೂ ಅಷ್ಟೇ.