ಸುಬ್ಬಣ್ಣನ ಮುಟ್ಟಾಳೆ ಹಾರಿದ ಕೋಟೆ

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ಪೆರ್ಲ ಸಮೀಪದ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತೇನೆ. ನಮ್ಮ ತರಗತಿಗೆ ಬಟ್ಟೆಯ ಆಮೆಯೊಂದಿದೆ, ಹೆಸರು ಪಯಸ್ವಿನಿ. ವಾರಕ್ಕೊಬ್ಬರ ಮನೆಗೆ ಹೋಗಿ ಬರುತ್ತದೆ. ಹೋದಲ್ಲಿ ನಡೆದುದನ್ನು ಮಕ್ಕಳು ಅದರ ದಿನಚರಿ ಪುಸ್ತಕದಲ್ಲಿ ಬರೆಯುತ್ತಾರೆ. ಜನವರಿಯಲ್ಲಿ ಬೇಕಲ ಕೋಟೆಗೆ ಪ್ರವಾಸವಿದೆ. ಆಮೆಯೂ ಬರುತ್ತದೆ ಎಂದಾಗ ಹೆತ್ತವರ-ಅಧ್ಯಾಪಕರ (ಪಿಟಿಎ) ಸಭೆಯಲ್ಲಿ ಒಬ್ಬರು, "ಗೊಂಬೆ ಚರಿತ್ರೆ ಕಲಿಯುತ್ತದೆಯೇ ಟೀಚರ್?" ಎಂದು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.
– ಒಬ್ಬ ಅಧ್ಯಾಪಿಕೆ

ಉತ್ತರ: ಕಲಿಯುವುದಿಲ್ಲ ಟೀಚರ್. ಅದಕ್ಕೇ ಕರೆದುಕೊಂಡು ಹೋಗಬೇಕು. ನಾನು ಮೂವತ್ತು ವರ್ಷ ಮಕ್ಕಳನ್ನು ಬೇಕಲಕ್ಕೆ ಕರೆದೊಯ್ದಿದ್ದೇನೆ. ಅಧ್ಯಾಪಕನಿಗೆ ಎಲ್ಲವೂ ಗೊತ್ತು ಎಂದು ಮಕ್ಕಳಿಗೆ ಗೊತ್ತಿರುವುದರಿಂದ ಅವರು ನಮಗೆ ಏನನ್ನೂ ಹೇಳುವುದಿಲ್ಲ, "ಹೌದು ಸರ್" ಎನ್ನುತ್ತಾ ಐಸ್‌ಕ್ಯಾಂಡಿ ಡಬ್ಬಿಯ ಕಡೆ ನೋಡುತ್ತಾರೆ. ಏನೂ ಗೊತ್ತಿಲ್ಲದವರೊಬ್ಬರು ಜೊತೆಗಿದ್ದರೆ ಮಾತ್ರ ಬಾಯಿ ಬಿಡುತ್ತಾರೆ.

ನನ್ನ ತರಗತಿಯಲ್ಲಿ ಇದ್ದ ಗೊಂಬೆ ಸುಬ್ಬಣ್ಣ. ಹಳೆಯ ಲುಂಗಿಯ ಮೈ, ಒಳಗೆ ಬೂರುಗದ ಹತ್ತಿ, ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಪುಟ್ಟ ಟೋಪಿ. ಮೊದಲ ಸಲ ಅವನನ್ನು ಬೇಕಲಕ್ಕೆ ಒಯ್ದಾಗ ವೀಕ್ಷಣಾ ಗೋಪುರದ ಮೇಲೆ ಕಡಲಗಾಳಿಗೆ ಮುಟ್ಟಾಳೆ ಹಾರಿ ಹೋಯಿತು. ಹಿಡಿದಿದ್ದ ಹುಡುಗಿ ಅಳುವುದಕ್ಕೆ ಆರಂಭಿಸಿದಳು. ಆಗ ಹಿಂದಿನಿಂದ ಒಬ್ಬ ಹುಡುಗ, "ಸರ್, ಹಾಗಾದರೆ ಇಲ್ಲಿ ಕಾವಲು ಕಾಯುವವರು ಮುಂಡಾಸನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದರು?" ಎಂದು ಕೇಳಿದ. ಅಂದಿನ ಪ್ರವಾಸದಲ್ಲಿ ನನ್ನ ಬಾಯಿಂದ ಬಂದ ಯಾವ ಮಾತೂ ಆ ಪ್ರಶ್ನೆಯ ಹತ್ತಿರಕ್ಕೂ ಬರಲಿಲ್ಲ. ಮಳೆಗಾಲದಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರು, ಉಪ್ಪುಗಾಳಿಗೆ ಕೋವಿಮದ್ದು ಒದ್ದೆಯಾಗದ ಹಾಗೆ ಹೇಗೆ ಇಡುತ್ತಿದ್ದರು ಎಂದು ಮಾತು ಮುಂದುವರಿಯಿತು. ಕೋಟೆಯೊಳಗಿನ ಮದ್ದಿನ ಮನೆಯನ್ನು ಆ ದಿನ ಅವರು ಕಣ್ಣರಳಿಸಿ ನೋಡಿದರು. ಅದುವರೆಗೆ ಅದು ಅವರ ಪಾಲಿಗೆ ಇನ್ನೊಂದು ಕಲ್ಲಿನ ಕೊಠಡಿ, ಅಷ್ಟೇ.

ನಿಮ್ಮದು ಆಮೆಯಾದದ್ದು ಇನ್ನೂ ಒಳ್ಳೆಯದಾಯಿತು. ನಮ್ಮ ಕಾಸರಗೋಡು ಜಿಲ್ಲೆ ತನ್ನದೇ ಪ್ರಾಣಿಯೆಂದು ಆರಿಸಿಕೊಂಡಿರುವುದು ಚಂದ್ರಗಿರಿ ಹೊಳೆಯಲ್ಲಿರುವ ಮೆದುಚಿಪ್ಪಿನ ದೊಡ್ಡ ಆಮೆಯನ್ನೇ. ಅದರ ಆಯುಷ್ಯದ ಬಹುಪಾಲು ಹೊಳೆಯ ಮರಳಿನಡಿ ಹೂತುಕೊಂಡೇ ಕಳೆಯುತ್ತದೆ. ಅಂಥದ್ದು ಬಸ್ಸಿನ ಕಿಟಕಿ ಪಕ್ಕದಲ್ಲಿ ಕುಳಿತು ಕೋಟೆ ನೋಡಲು ಹೊರಟಿದೆ ಎಂದರೆ ಮಕ್ಕಳಿಗೆ ಅರ್ಧ ಕಥೆ ಅಲ್ಲೇ ಸಿಕ್ಕಿತು.

ಅಲ್ಲಿ ಹೋದ ಮೇಲೆ ಒಂದು ಕೆಲಸ ಮಾಡಿ. ಹೊರಗೋಡೆಯಲ್ಲಿ ಕೋವಿ ತೂರಿಸುವ ಕಿಂಡಿಗಳಿವೆ. ಮೇಲಿನದು ದೂರದ ಶತ್ರುವಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದುಬಿಟ್ಟವನಿಗೆ. ಇದನ್ನು ನೀವು ಹೇಳಬೇಡಿ. ಆಮೆಯ ಮೂತಿಯನ್ನು ಒಂದೊಂದು ಕಿಂಡಿಗೆ ಇಟ್ಟು, "ಪಯಸ್ವಿನಿಗೆ ಏನು ಕಾಣುತ್ತದೆ?" ಎಂದು ಕೇಳಿ. ಒಂದರಲ್ಲಿ ಕಡಲು, ಇನ್ನೊಂದರಲ್ಲಿ ಹುಲ್ಲು. ಯಾಕೆ ಹೀಗೆ ಎಂದು ಅವರೇ ಕಂಡುಹಿಡಿಯುತ್ತಾರೆ, ಐದು ನಿಮಿಷ ಸಾಕು. ಬುರುಜಿನ ಅಂಚಿಗೆ ಮಾತ್ರ ಗೊಂಬೆ ಹಿಡಿದ ಮಗುವನ್ನು ಬಿಡಬೇಡಿ. ಗೊಂಬೆ ಹಿಡಿದ ಮಗು ನೆಲ ನೋಡುವುದಿಲ್ಲ.

ಫಲಕದಲ್ಲಿರುವ ಅಂಕಿಗಳನ್ನು ಬರೆಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಕೋಟೆ ಸುಮಾರು 40 ಎಕರೆ ಎಂದರೆ ಹತ್ತು ವರ್ಷದ ಮಗುವಿಗೆ ಏನು ತಿಳಿಯಿತು? ಕಂಗಿನ ತೋಟದ ಲೆಕ್ಕ ಹಾಕಿಸಿ. ಒಂಬತ್ತು ಅಡಿಗೊಂದು ಗಿಡ ನೆಟ್ಟರೆ ಎಕರೆಗೆ ಸುಮಾರು 540; 40 ಎಕರೆಗೆ 21,600. ನನ್ನ ತರಗತಿಯಲ್ಲಿ ಈ ಲೆಕ್ಕ ಮುಗಿಸಿದ ಹುಡುಗನೊಬ್ಬ, "ಮದ್ದು ಬಿಡುವುದಕ್ಕೆ ಎಷ್ಟು ಜನ ಬೇಕಾಗಬಹುದು ಸರ್!" ಎಂದು ಹಣೆಗೆ ಕೈ ಹಚ್ಚಿದ. ಅವನ ಅಪ್ಪ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು. ಕೋಟೆಯ ಕಲ್ಲನ್ನೂ ಹಾಗೆಯೇ ಮುಟ್ಟಿ ನೋಡಲಿ. ಅದು ಅವರ ಮನೆಯ ಗೋಡೆಯಲ್ಲಿರುವ ಮುರಕಲ್ಲೇ. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿ. ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800-01ರಲ್ಲಿ ನಮ್ಮ ಕಡೆಯೆಲ್ಲ ತಿರುಗಾಡಿ, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ.

ಒಳಗೆ ನೆರಳು ಕಡಿಮೆ. ಬೆಳಗ್ಗೆ ಬೇಗ ಹೋಗಿ, ಹನ್ನೊಂದಕ್ಕೆ ಹೊರಗೆ ಬಂದು ಬೊಂಡ ಕುಡಿಸಿ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆಮೆಗೂ ಇಲ್ಲ ಎಂದು ಆ ಪಿಟಿಎ ಮಹನೀಯರಿಗೆ ತಿಳಿಸಿ.

ಪ್ರಶ್ನೆ: ಬೇಕಲ ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ ಎಂದು ಮಗನ ಗೊಂಬೆಯ ದಿನಚರಿಯಲ್ಲಿ ಬರೆಯಿಸಿದೆ. ಘಟ್ಟದ ಮೇಲಿನ ಅರಸನಿಗೆ ಇಲ್ಲಿ ಏನು ಕೆಲಸ ಎಂದು ಅವನು ಕೇಳುತ್ತಾನೆ.
– ಒಬ್ಬ ತಂದೆ, ಕುಂಬಳೆ

ಉತ್ತರ: ಮಗ ಸರಿಯಾಗಿಯೇ ಕೇಳಿದ್ದಾನೆ. ಘಟ್ಟದ ಕರಿಮೆಣಸಿಗೆ ಕಡಲು ಬೇಕಲ್ಲ! ಹಣವೆಲ್ಲ ಬಂದರಿನಲ್ಲಿತ್ತು, ಬಂದರಿಗೆ ಕಾವಲು ಬೇಕಿತ್ತು. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಬೇಕಲ ಕೋಟೆಯನ್ನು 1650ರ ಸುಮಾರಿಗೆ ಹೇಳುತ್ತಾರೆ. ಅದಕ್ಕೂ ಮೊದಲು ಉತ್ತರ ಮಲಬಾರಿನ ಅರಸರಾದ ಕೋಲತ್ತಿರಿಗಳ ಕಾಲದ ಕೋಟೆಯೊಂದು ಅಲ್ಲಿತ್ತು ಎಂಬ ಅಭಿಪ್ರಾಯವೂ ಇದೆ, ಅದನ್ನೂ ದಿನಚರಿಯಲ್ಲಿ ಸೇರಿಸಿ, ಗೊಂಬೆ ಬೇಸರಪಟ್ಟುಕೊಳ್ಳುವುದಿಲ್ಲ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಕೋಟೆ ಮೈಸೂರಿನ ಕೈಗೆ ಬಂತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೇಕಲ ಎಂಬ ತಾಲೂಕೇ ಇತ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು ಮನೆಯಲ್ಲಿ ಅಜ್ಜನಿದ್ದರೆ ಅವರೇ ಹೇಳಲಿ, ನನಗಿಂತ ಹೆಚ್ಚು ಬಿಸಿಯಾಗಿ ಹೇಳುತ್ತಾರೆ.

ಪ್ರಶ್ನೆ: ಕೋಟೆಯಿಂದ ಕಡಲಬದಿಗೆ ಇಳಿದಾಗ ನನ್ನ ಮಗಳ ಕೈಯಲ್ಲಿದ್ದ ತರಗತಿಯ ಗೊಂಬೆ ಅಲೆಗೆ ಸಿಕ್ಕಿ ಒದ್ದೆಯಾಯಿತು. ಒಂದು ಕಾಲೂ ಹರಿದಿದೆ. ಸೋಮವಾರ ಶಾಲೆಗೆ ಕೊಡಬೇಕು. ಹೊಸದನ್ನೇ ತಂದುಕೊಡಲೇ?
– ಒಬ್ಬ ತಾಯಿ, ಮುಳ್ಳೇರಿಯ

ಉತ್ತರ: ಬೇಡ ತಂಗಿ. ಹೊಲಿಗೆ ಬಿಚ್ಚಿ ಹತ್ತಿಯನ್ನು ಹೊರಗೆ ತೆಗೆಯಿರಿ; ಒಳಗೇ ಬಿಟ್ಟರೆ ಉಪ್ಪು ಉಳಿದು ಮಳೆಗಾಲಕ್ಕೆ ನಾರುತ್ತದೆ. ಬಟ್ಟೆಯನ್ನು ಬಾವಿಯ ನೀರಿನಲ್ಲಿ ಎರಡು ಮೂರು ಸಲ ನೆನೆಸಿ ಹಿಂಡಿ, ನೆರಳಿನಲ್ಲಿ ಒಣಗಿಸಿ. ಹೊಸ ಹತ್ತಿ ತುಂಬುವುದು ಮಗಳೇ ಮಾಡಲಿ. ಕಾಲಿಗೆ ಬೇರೆ ಬಣ್ಣದ ನೂಲು ಹಾಕಿ, ಹೊಲಿಗೆ ಎದ್ದು ಕಾಣಲಿ. ಕಾಲಿಗೆ ಏನಾಯಿತು ಎಂದು ಸೋಮವಾರ ಎಲ್ಲರೂ ಅವಳನ್ನೇ ಕೇಳುತ್ತಾರೆ.