ಎಂಟು ದಿನಕ್ಕೆ ಎಷ್ಟು ನಾರ್ವೆ?

ಪ್ರಶ್ನೆ: ಜೂನ್ ಕೊನೆಗೆ ನಾವು ನಾಲ್ವರು ನಾರ್ವೆಗೆ ಹೊರಟಿದ್ದೇವೆ. ಮಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದಾಳೆ, ಅಲ್ಲಿಂದ ಬರ್ಗನ್‌ಗೆ ವಿಮಾನದಲ್ಲಿ ಹೋಗಿ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ. ಎಂಟು ದಿನದಲ್ಲಿ ಫ್ಲೋಮ್, ಗೈರಾಂಗರ್, ಲೊಫೊಟೆನ್ ದ್ವೀಪ ಮೂರನ್ನೂ ಮುಗಿಸಬೇಕು. ಆಗುಂಬೆ, ಚಾರ್ಮಾಡಿಯಲ್ಲಿ ಮೂವತ್ತು ವರ್ಷ ಕಾರು ಓಡಿಸಿದವನು ನಾನು. ಅಲ್ಲಿನ ಘಾಟಿ ಕಷ್ಟ ಆಗುತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಘಾಟಿ ಕಷ್ಟ ಆಗುವುದಿಲ್ಲ ಸರ್. ಆ ‘ಮುಗಿಸಬೇಕು’ ಅನ್ನುವುದೇ ಕಷ್ಟ.

ಲೊಫೊಟೆನ್ ಬಿಟ್ಟುಬಿಡಿ. ನಕ್ಷೆಯಲ್ಲಿ ಗೇಣುದ್ದ ಕಾಣುತ್ತದೆ, ಆದರೆ ಬರ್ಗನ್‌ನಿಂದ ರಸ್ತೆ ಹಿಡಿದರೆ ಸಾವಿರ ಕಿ.ಮೀ. ದಾಟಿದರೂ ಅದು ಸಿಗುವುದಿಲ್ಲ. ಊರ ಹೊರಗೆ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80, ಊರೊಳಗೆ 50. ತಿರುವು, ಫೆರ್ರಿ, ಫೋಟೊ ಎಲ್ಲ ಸೇರಿದರೆ ಗಂಟೆಗೆ 50 ಕಿ.ಮೀ. ಹೋದರೂ ಜಾಸ್ತಿಯೇ. ಗೈರಾಂಗರ್‌ಗೆ ಹೋಗುವ ದಾರಿಯಲ್ಲಿ ಬರುವ ಸೋಗ್ನ್‌ಡಾಲ್‌ನಿಂದ ಲೋಮ್‌ಗೆ ಸುಮಾರು 140 ಕಿ.ಮೀ. ಎಲ್ಲೂ ನಿಲ್ಲಿಸದೆ ಹೋದರೂ ಎರಡೂವರೆ ಗಂಟೆ ಬೇಕು, ಮತ್ತು ಆ ರಸ್ತೆಯಲ್ಲಿ ನಿಲ್ಲಿಸದೆ ಹೋಗುವುದು ಯಾರಿಂದಲೂ ಆಗುವ ಕೆಲಸ ಅಲ್ಲ, 1,434 ಮೀಟರ್ ಎತ್ತರಕ್ಕೆ ಹತ್ತಿ ಹಿಮನದಿಗಳ ಎದುರಿಗೇ ಹಾದುಹೋಗುತ್ತದೆ.

ನಾನಾಗಿದ್ದರೆ ಬರ್ಗನ್ ಒಂದು ರಾತ್ರಿ, ಫ್ಲೋಮ್ ಪಕ್ಕದ ಔರ್ಲಾಂಡ್‌ನಲ್ಲಿ ಎರಡು, ಲೋಮ್‌ನಲ್ಲಿ ಒಂದು, ಗೈರಾಂಗರ್‌ನಲ್ಲಿ ಎರಡು, ಕೊನೆಗೆ ಓಲೆಸುಂಡ್‌ನಲ್ಲಿ ಒಂದು ರಾತ್ರಿ ಉಳಿದು ಅಲ್ಲಿಂದಲೇ ವಿಮಾನ ಹತ್ತುತ್ತಿದ್ದೆ. ಬೇರೆ ಊರಲ್ಲಿ ಕಾರು ಬಿಟ್ಟರೆ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಕೊಟ್ಟುಬಿಡಿ, ವಾಪಸ್ ಓಡಿಸುವ ಒಂದು ದಿನ ಉಳಿಯುತ್ತದೆ.

ಈಗ ಮುಖ್ಯ ಮಾತು. ಲೋಮ್ ಕಡೆಗೆ ಹೊರಟು ಔರ್ಲಾಂಡ್‌ನಿಂದ ಲಾರ್ಡಾಲ್‌ಗೆ ಹೋಗುವಾಗ ಮೊಬೈಲ್ ನಕ್ಷೆಯ ಮಾತು ಕೇಳಬೇಡಿ. ಅದು ಹತ್ತಿರದ ದಾರಿ ಅಂತ ನಿಮ್ಮನ್ನು ಸುರಂಗಕ್ಕೆ ನೂಕುತ್ತದೆ. 2000ರಲ್ಲಿ ತೆರೆದ ಸುರಂಗ ಅದು, ಉದ್ದ 24.5 ಕಿ.ಮೀ. ಓಡಿಸುವವರಿಗೆ ತೂಕಡಿಕೆ ಬರದಿರಲಿ ಅಂತ ಒಳಗೆ ಮೂರು ಕಡೆ ಗುಹೆಯಂತೆ ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ. ನಾವು ಮೊದಲ ಸಲ ಹೋದಾಗ ಅಷ್ಟು ದೂರ ಬಂದು ಇಪ್ಪತ್ತು ನಿಮಿಷ ಗೋಡೆ ನೋಡಿದೆವು, ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅದೇ ಬೆಟ್ಟದ ಮೇಲಿನ ಹಳೇ ರಸ್ತೆ ಹಿಡಿಯಿರಿ. ಚಳಿಗಾಲವಿಡೀ ಮುಚ್ಚಿರುತ್ತದೆ, ಜೂನ್‌ನಲ್ಲೂ ಎರಡೂ ಬದಿ ಹಿಮದ ಗೋಡೆ ನಿಂತಿರುವುದುಂಟು. ಏರು ಶುರುವಾದ ಸ್ವಲ್ಪ ಹೊತ್ತಿಗೇ ಸ್ಟೆಗಸ್ಟೈನ್ ಎಂಬ ಕಡೆ ಮರದ ಕಟ್ಟೆಯೊಂದು ಬೆಟ್ಟದಿಂದ 30 ಮೀಟರ್ ಹೊರಗೆ ಚಾಚಿದೆ. ಕೆಳಗೆ 650 ಮೀಟರ್ ಆಳದಲ್ಲಿ ಫ್ಯೋರ್ಡ್, ಅಂದರೆ ಕಣಿವೆಯೊಳಗೆ ಬಂದ ಸಮುದ್ರ. ಕಟ್ಟೆಯ ತುದಿಗೆ ತಡೆಯಾಗಿ ಇರುವುದು ಬರೀ ಗಾಜು, ಅಲ್ಲಿವರೆಗೆ ಹೋಗಿ ನಿಂತರೆ ಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ.

ಓಡಿಸುವ ವಿಷಯಕ್ಕೆ ಬರೋಣ. ಅಲ್ಲಿ ಬಲಬದಿ ಸಂಚಾರ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ಬಿಸಿಲಲ್ಲಿ ವೈಪರ್ ಆಡಿಸುತ್ತೀರಿ, ನಾನೂ ಆಡಿಸಿದ್ದೇನೆ. ಆಟೊಮ್ಯಾಟಿಕ್ ಕಾರೇ ಕೇಳಿ, ಅಲ್ಲಿ ಗೇರ್ ಬಲಗೈಗೆ ಬರುತ್ತದೆ, ಅಷ್ಟು ಕೆಲಸ ಕಡಿಮೆ. ಹಗಲಲ್ಲೂ ಹೆಡ್‌ಲೈಟ್ ಉರಿಯಬೇಕು. ಕಿರಿದಾದ ರಸ್ತೆಗಳಲ್ಲಿ ನೀಲಿ ಹಲಗೆ ಮೇಲೆ ಬಿಳಿ ‘ಎಂ’ ಅಕ್ಷರ ಕಂಡರೆ ಅದು ಎದುರಿನವರಿಗೆ ದಾರಿ ಬಿಡುವ ಜಾಗ. ಫೋಟೊ ತೆಗೆಯುವ ಜಾಗ ಅಲ್ಲ! ತಿರುವಿನಲ್ಲಿ ಬಸ್ಸು ಬರುತ್ತಿದ್ದರೆ ತಿರುವಿಗೆ ಮುಂಚೆಯೇ ನಿಂತುಬಿಡಿ, ಅದಕ್ಕೆ ಪೂರ್ತಿ ರಸ್ತೆ ಬೇಕು. ನಮ್ಮ ಹಾಗೆ ಪ್ರತಿ ತಿರುವಿಗೂ ಹಾರ್ನ್ ಹೊಡೆಯುವ ಪದ್ಧತಿ ಅಲ್ಲಿಲ್ಲ. ಇಳಿಜಾರಿನಲ್ಲಿ ಗೇರ್ ಇಳಿಸಿ ಬರಬೇಕು ಅನ್ನುವುದನ್ನು ಚಾರ್ಮಾಡಿಯವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಸುರಂಗದಲ್ಲಿ ಕುರಿ ಮಲಗಿದ್ದರೆ ಗಾಬರಿ ಬೀಳಬೇಡಿ, ನಮ್ಮ ರಸ್ತೆಯ ದನಗಳ ಹಾಗೆ ಅವಕ್ಕೂ ಅವಸರ ಇಲ್ಲ.

ಗೈರಾಂಗರ್‌ನಿಂದ ಉತ್ತರಕ್ಕೆ ಹತ್ತುವ ರಸ್ತೆಯಲ್ಲಿ 11 ತಿರುವು. ಅದರಾಚೆ 1936ರಲ್ಲಿ ತೆರೆದ ಟ್ರೋಲ್‌ಸ್ಟೀಗನ್ ಎಂಬ ಘಾಟಿ ರಸ್ತೆ, ಅಲ್ಲೂ 11. ಆದರೆ ಟ್ರೋಲ್‌ಸ್ಟೀಗನ್ ಒಂದನ್ನೇ ನಂಬಿಕೊಂಡು ಹೋಗಬೇಡಿ. 2024ರಲ್ಲಿ ಕಲ್ಲು ಉರುಳಿ ಆ ಸಲದ ಬೇಸಿಗೆಯ ಸಂಚಾರವನ್ನೇ ನಿಲ್ಲಿಸಿದ್ದರು. ಹಿಂದಿನ ದಿನ ರಸ್ತೆ ಇಲಾಖೆಯ ಜಾಲತಾಣ ನೋಡಿಕೊಂಡೇ ಹೊರಡಿ.

ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಈಗಲೇ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸೂ ಜೊತೆಗಿರಲಿ. ಟೋಲ್‌ನಲ್ಲಿ ನಿಲ್ಲುವ ಹಾಗಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ನಮ್ಮ ಬಾಡಿಗೆ ಕಾರಿನವರು ಎರಡು ತಿಂಗಳಾದ ಮೇಲೆ, ನಾವು ಎಲ್ಲ ಮರೆತು ಕೂತಾಗ, ಟೋಲ್ ದುಡ್ಡಿನ ಜೊತೆ ತಮ್ಮದೊಂದು ಶುಲ್ಕವನ್ನೂ ಸೇರಿಸಿ ಕಾರ್ಡ್‌ನಿಂದ ಎಳೆದುಕೊಂಡರು. ಕಾರು ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಫ್ಯೋರ್ಡ್ ಅಂದರೆ ನದಿಯೋ ಸಮುದ್ರವೋ ಅಂತ ಮಗ ಕೇಳುತ್ತಾನೆ. ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಸಮುದ್ರವೇ ಮೇಡಂ, ಕಣಿವೆಯೊಳಗೆ ಬಂದು ಕೂತಿದೆ. ಹಿಮಯುಗದಲ್ಲಿ ಹಿಮನದಿ ಬೆಟ್ಟವನ್ನು ಕೊರೆಯಿತು, ಹಿಮ ಕರಗಿದ ಮೇಲೆ ಸಮುದ್ರ ಒಳಗೆ ನುಗ್ಗಿತು. ಸೋಗ್ನೆಫ್ಯೋರ್ಡ್ 205 ಕಿ.ಮೀ. ಒಳಗೆ ಹೋಗಿದೆ, ಆಳ 1,300 ಮೀಟರ್. ವಿಚಿತ್ರ ಏನೆಂದರೆ ಒಳಗೆ ಅಷ್ಟು ಆಳ, ಸಮುದ್ರಕ್ಕೆ ಸೇರುವ ಬಾಯಲ್ಲಿ ಕಡಿಮೆ ಆಳ. ಒಳತುದಿಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿದರೆ ಉಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ, ಬೆಟ್ಟದಿಂದ ಇಳಿದ ಸಿಹಿನೀರು ಹಗುರ, ಮೇಲೇ ತೇಲುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಕಾರಲ್ಲಿ ಸುತ್ತುವಾಗ ಊಟಕ್ಕೆ ಏನು ಮಾಡುವುದು?
– ಓದುಗರು, ಉಡುಪಿ

ಉತ್ತರ: ಹೋಟೆಲ್ ಬೇಡ, ಒಲೆ ಇರುವ ‘ಹಿತ್ತೆ’ ಹಿಡಿಯಿರಿ. ಮರದ ಪುಟ್ಟ ಮನೆ, ಕ್ಯಾಂಪಿಂಗ್ ಜಾಗಗಳಲ್ಲೆಲ್ಲ ಸಿಗುತ್ತದೆ. ಅಕ್ಕಿ, ತರಕಾರಿ, ಮೊಸರು ಅಲ್ಲೇ ಕೊಳ್ಳಿ, ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬೀಗ, ಶನಿವಾರವೇ ನೆನಪಿರಲಿ. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಸಾಕು. ತುಪ್ಪ ಮನೆಯಲ್ಲೇ ಇರಲಿ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ.

ಒಂದು ತಿಂಡಿ ಮಾತ್ರ ಬಿಡಬೇಡಿ. ಫೆರ್ರಿಯಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮಹಡಿ ಹತ್ತಿದರೆ ಪಶ್ಚಿಮ ಕರಾವಳಿಯ ಕೆಲವು ಫೆರ್ರಿಗಳಲ್ಲಿ ‘ಸ್ವೇಲೆ’ ಸಿಗುತ್ತದೆ. ಸೆಟ್ ದೋಸೆಯಷ್ಟು ದಪ್ಪ, ಮೆತ್ತಗೆ, ಅರ್ಧಕ್ಕೆ ಮಡಚಿ ಕೊಡುತ್ತಾರೆ. ಮೊಟ್ಟೆ ಹಾಕಿರುತ್ತಾರೆ, ಅದು ನಡೆಯುವುದಾದರೆ ಮಾತ್ರ. ನಡೆಯದಿದ್ದರೆ ಒಳಗಿಡುವ ಕಂದು ಚೀಸನ್ನೇ ಅಂಗಡಿಯಲ್ಲಿ ಕೊಂಡು ಬ್ರೆಡ್ ಮೇಲೆ ಹಾಕಿಕೊಳ್ಳಿ, ಹಾಲೊಡಕನ್ನು ಕಂದು ಬಣ್ಣ ಬರುವತನಕ ಕಾಯಿಸಿ ಮಾಡಿದ್ದು. ಧಾರವಾಡ ಪೇಡಕ್ಕೆ ಚಿಟಿಕೆ ಉಪ್ಪು ಬಿದ್ದ ಹಾಗಿರುತ್ತದೆ. ಬೇಗ ತಿನ್ನಿ, ಕೆಲವು ಕಡೆ ಹದಿನೈದೇ ನಿಮಿಷಕ್ಕೆ ಆಚೆ ದಡ ಬರುತ್ತದೆ, ನಿಮ್ಮ ಕಾರು ಸರಿಯದೆ ಹಿಂದಿನವರು ಇಳಿಯುವ ಹಾಗಿಲ್ಲ.